ನಿಮ್ಮ ದನಿಗೆ ರಿವರ್ಬ್ ಆಗಲೇ ಬಿದ್ದಿದೆ

ನಮಸ್ಕಾರ. ಮೊದಲು ಒಂದು ತಪ್ಪೊಪ್ಪಿಗೆ. ನಾನು ಮನೆಯಲ್ಲಿ ರೆಕಾರ್ಡ್ ಮಾಡಿದ ಮೊದಲ ಹಾಡಿಗೆ 4 ಸೆಕೆಂಡಿನ ಹಾಲ್ ರಿವರ್ಬ್ ಹಾಕಿದ್ದೆ. ರಿವರ್ಬ್ ಅಂದರೆ ದನಿ ನಿಂತ ಮೇಲೂ ಉಳಿಯುವ ಮೊಳಗು, ಹಾಲ್ ರಿವರ್ಬ್ ಅಂದರೆ ದೊಡ್ಡ ಸಭಾಂಗಣದಲ್ಲಿ ಕೇಳುವಂಥ ಮೊಳಗು. ಪ್ಲಗಿನ್‌ನಲ್ಲಿ (ರೆಕಾರ್ಡಿಂಗ್ ಸಾಫ್ಟ್‌ವೇರಿನ ಒಳಗೆ ಓಡುವ ಪುಟ್ಟ ಪ್ರೋಗ್ರಾಮು) ಸಿಕ್ಕ ಅತಿ ದೊಡ್ಡ ಹಾಲ್ ಅದು. ಕಣ್ಣು ಮುಚ್ಚಿ ಕೇಳಿದೆ, ನಾನೇ ತಲೆದೂಗಿದೆ. ಗೆಳೆಯನಿಗೆ ಕಳಿಸಿದೆ. ಅವನಿಂದ ಬಂದದ್ದು ಒಂದೇ ಸಾಲು: 'ಬಚ್ಚಲುಮನೆಯಲ್ಲಿ ಹಾಡಿದೆಯೇನೋ?'

ಅಷ್ಟು ದೊಡ್ಡ ಹಾಲ್ ಕೊಟ್ಟರೆ ಇವನಿಗೆ ಬಚ್ಚಲು ಕೇಳಿಸಿತಲ್ಲ ಅಂತ ಸಿಟ್ಟು ಬಂತು. ಆದರೆ ಅವನ ಕಿವಿ ಸರಿಯಾಗಿಯೇ ಇತ್ತು. ನಾನು ಹಾಡಿದ್ದು ಬರಿಗೋಡೆಯ ಪುಟ್ಟ ಕೋಣೆಯಲ್ಲಿ. ನಾನು ಪ್ಲಗಿನ್ ತೆರೆಯುವ ಮೊದಲೇ ಆ ಗೋಡೆಗಳು ನನ್ನ ದನಿಗೆ ರಿವರ್ಬ್ ಹಾಕಿ ಮುಗಿಸಿದ್ದವು. ಅದರ ಮೇಲೆ ನಾನು ಇನ್ನೊಂದು ಸುರಿದೆ. ಹಾಲ್ ಒಳಗೆ ಬಚ್ಚಲು ಕಟ್ಟಿದ ಹಾಗಾಯಿತು.

ತಮಾಷೆ ನೋಡಿ, ಬಚ್ಚಲು ಅಂದರೆ ಬೈಗುಳವೇನೂ ಅಲ್ಲ. 1947ರಲ್ಲಿ ಶಿಕಾಗೋದ ಬಿಲ್ ಪಟ್ನಮ್ ಎಂಬ ಎಂಜಿನಿಯರ್ ತನ್ನ ಸ್ಟುಡಿಯೋದ ಬಚ್ಚಲುಮನೆಯನ್ನೇ ಎಕೋ ಚೇಂಬರ್ ಮಾಡಿಕೊಂಡ. ಆ ಬಚ್ಚಲಿನ ಮೊಳಗು ಬೆರೆಸಿ ಮಾಡಿದ ರೆಕಾರ್ಡ್ ದೊಡ್ಡ ಹಿಟ್ ಆಯಿತು. ಹಾಗಾದರೆ ಅವನ ಬಚ್ಚಲಿಗೆ ಚಪ್ಪಾಳೆ, ನನ್ನದಕ್ಕೆ ನಗು ಯಾಕೆ? ಎಕೋ ಚೇಂಬರ್ ಕೆಲಸ ಮಾಡುವ ರೀತಿಯಲ್ಲೇ ಉತ್ತರ ಇದೆ. ಸಂಗೀತ ನುಡಿಯುವುದು ಸ್ಟುಡಿಯೋದಲ್ಲಿ. ಅದರ ಒಂದು ಪಾಲು ಸ್ಪೀಕರಿನ ಮೂಲಕ ಆ ಕೋಣೆಗೆ ಹೋಗುತ್ತದೆ. ಅಲ್ಲಿ ಮೊಳಗಿದ್ದನ್ನು ಇನ್ನೊಂದು ಮೈಕ್ ಹಿಡಿದು ವಾಪಸ್ ತರುತ್ತದೆ. ಅಂದರೆ ಮೂಲ ಬೇರೆ, ಮೊಳಗು ಬೇರೆ. ಎರಡಕ್ಕೂ ಬೇರೆ ಬೇರೆ ಫೇಡರ್, ಅಂದರೆ ಮಟ್ಟ ಏರಿಸಿ ಇಳಿಸುವ ಗುಂಡಿ. ಬೇಡ ಅನ್ನಿಸಿದರೆ ಇಳಿಸಿಬಿಡಬಹುದು. ನನ್ನ ಕೋಣೆಯ ಮೊಳಗಿಗೆ ಫೇಡರ್ ಇರಲಿಲ್ಲ. ಅದು ಹಾಲಿಗೆ ಬೆರೆತ ನೀರು.

ಹಾಲಿನಿಂದ ನೀರನ್ನು ಹಂಸ ಬೇರೆ ಮಾಡುತ್ತದೆ ಅಂತ ಕವಿಗಳು ಹೇಳುತ್ತಾರೆ. ಈಗ ಆ ಕೆಲಸಕ್ಕೆ ಡಿ-ರಿವರ್ಬ್ ಪ್ಲಗಿನ್‌ಗಳು ಬಂದಿವೆ. ಸ್ವಲ್ಪ ಮಟ್ಟಿಗೆ ಮಾಡುತ್ತವೆ, ಸುಳ್ಳು ಹೇಳಬಾರದು. ಜಾಸ್ತಿ ಒತ್ತಿದರೆ ನೀರಿನ ಜೊತೆ ಹಾಲೂ ಹೋಗುತ್ತದೆ. ಪದದ ಕೊನೆಗಳು ಕತ್ತರಿಸಿದ ಹಾಗೆ ಕೇಳುತ್ತವೆ.

ಚಿಕ್ಕ ಕೋಣೆ ಯಾಕೆ ಇಷ್ಟು ಕಾಟ ಕೊಡುತ್ತದೆ? ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಗೋಡೆ ನಿಮ್ಮಿಂದ 1 ಮೀಟರ್ ದೂರ ಇದ್ದರೆ ದನಿ ಹೋಗಿ ಬರಲು ಸುಮಾರು 6 ಮಿಲಿಸೆಕೆಂಡ್ ಸಾಕು. ಅಷ್ಟು ಬೇಗ ಬಂದದ್ದನ್ನು ಕಿವಿ ಪ್ರತಿಧ್ವನಿ ಅಂತ ಗುರುತಿಸುವುದಿಲ್ಲ, ಮೂಲ ದನಿಯ ಜೊತೆಗೇ ಕಲಸಿಬಿಡುತ್ತದೆ. ಕೆಲವು ಫ್ರೀಕ್ವೆನ್ಸಿಗಳು ಉಬ್ಬುತ್ತವೆ, ಕೆಲವು ಒಂದನ್ನೊಂದು ಹೊಡೆದುಹಾಕುತ್ತವೆ. ಅದಕ್ಕೇ ದನಿ ಡಬ್ಬದೊಳಗಿಂದ ಬಂದ ಹಾಗಿರುತ್ತದೆ. ನಾವು ಅದನ್ನು 'ಮೈಕ್ ಸರಿಯಿಲ್ಲ' ಅಂತ ಓದಿಕೊಂಡು ಹೊಸ ಮೈಕ್ ಕೊಳ್ಳುತ್ತೇವೆ! ಹೊಸ ಮೈಕ್ ಇನ್ನೂ ಸೂಕ್ಷ್ಮವಾಗಿದ್ದರೆ ಕೋಣೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ.

ಇದರ ಮೇಲೆ ಕಂಪ್ರೆಸರ್ ಬೇರೆ, ಜೋರು ದನಿಗೂ ಮೆಲುದನಿಗೂ ಇರುವ ಅಂತರ ತಗ್ಗಿಸುವ ಸಾಧನ. ಜೋರಾದ ಜಾಗಗಳನ್ನು 8 ಡೆಸಿಬೆಲ್ ತಗ್ಗಿಸಿ, ಒಟ್ಟು ಮಟ್ಟವನ್ನು 8 ಏರಿಸಿದಿರಿ ಅನ್ನಿ. ಸಾಲು ಮುಗಿದ ಮೇಲೆ ಉಳಿಯುವ ಕೋಣೆಯ ಬಾಲವೂ 8 ಡೆಸಿಬೆಲ್ ಏರಿತು. ರೆಕಾರ್ಡ್ ಮಾಡುವಾಗ ಇರಲೇ ಇಲ್ಲ ಅನ್ನಿಸಿದ ಕೋಣೆ ಮಿಕ್ಸ್‌ನಲ್ಲಿ ಎದ್ದು ನಿಲ್ಲುತ್ತದೆ.

ಹಾಗಾಗಿ ಒಳ್ಳೆಯ ರಿವರ್ಬಿಗೆ ಮೊದಲು ಬೇಕಾದದ್ದು ಕಂಬಳಿ. ನಿಜವಾಗಿಯೂ. ದಪ್ಪ ಕಂಬಳಿ ಅಥವಾ ರಜಾಯಿಯನ್ನು ಹಾಡುವವರ ಬೆನ್ನ ಹಿಂದೆ ತೂಗುಹಾಕಿ. ಬಹಳ ಜನ ಮೈಕಿನ ಹಿಂದೆ ಹಾಕುತ್ತಾರೆ. ಆದರೆ ಮುಂದಿನದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕ್ ತನ್ನ ಹಿಂದಿನದನ್ನು ಹೇಗೂ ಕಡಿಮೆ ಕೇಳಿಸಿಕೊಳ್ಳುತ್ತದೆ. ಅದು ಕಣ್ಣಿಟ್ಟು ನೋಡುವುದು ನಿಮ್ಮ ಬೆನ್ನ ಹಿಂದಿನ ಗೋಡೆಯನ್ನು. ಆಮೇಲೆ ಮೈಕಿಗೆ ಹತ್ತಿರ ಬನ್ನಿ, ಒಂದು ಗೇಣು ಸಾಕು. ದೂರ ಅರ್ಧವಾದರೆ ನಿಮ್ಮ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಕೋಣೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಪ, ಬ ಅನ್ನುವಾಗಿನ ಗಾಳಿಯ ಹೊಡೆತ ತಡೆಯುವ ಪಾಪ್ ಫಿಲ್ಟರ್ ಇಟ್ಟುಕೊಳ್ಳಿ. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸುವ ಯೋಚನೆ ಬಿಡಿ.

ಈಗ ದನಿ ಒಣಗಿದೆ. ಸ್ವಲ್ಪ ಸಪ್ಪೆ, ಸ್ವಲ್ಪ ಬೆತ್ತಲೆ. ಕೇಳಲು ಮುಜುಗರ ಆಗುತ್ತದೆ, ಅಲ್ವಾ? ಆ ಮುಜುಗರಕ್ಕೆ ಹೆದರಿಯೇ ನಾವೆಲ್ಲ ರಿವರ್ಬ್ ಸುರಿಯುವುದು. ಶ್ರುತಿ ತಪ್ಪಿದ್ದು, ಉಸಿರು ಸಿಕ್ಕಿಕೊಂಡದ್ದು ಮುಚ್ಚಿಹೋಗಲಿ ಅಂತ. ಮುಚ್ಚುವುದಿಲ್ಲ. ತಪ್ಪಿದ ಸ್ವರಕ್ಕೆ ರಿವರ್ಬ್ ಹಾಕಿದರೆ ಆ ಸ್ವರ ಇನ್ನೂ 2 ಸೆಕೆಂಡ್ ಉಳಿಯುತ್ತದೆ, ಮುಂದಿನ ಸರಿಯಾದ ಸ್ವರದ ಮೇಲೂ ಕೂರುತ್ತದೆ. ಆ ಸಾಲನ್ನು ಇನ್ನೊಮ್ಮೆ ಹಾಡುವುದೇ ವಾಸಿ.

ರಿವರ್ಬನ್ನು ಟ್ರ್ಯಾಕಿನ ಮೇಲೇ ಕೂರಿಸಬೇಡಿ, ದನಿಯ ಒಂದು ಪಾಲನ್ನು ಸೆಂಡ್ ಎಂಬ ದಾರಿಯ ಮೂಲಕ ರಿವರ್ಬ್ ಇರುವ ಬೇರೆ ಚಾನೆಲ್ಲಿಗೆ ಕಳಿಸಿ. ಅಲ್ಲಿ ಪ್ಲಗಿನ್ 100 ಪರ್ಸೆಂಟ್ ವೆಟ್, ಅಂದರೆ ಮೂಲ ದನಿ ಇಲ್ಲ, ಬರೀ ಮೊಳಗು. ಪಟ್ನಮ್‌ನ ಬಚ್ಚಲೇ ಇದು, ಕಂಪ್ಯೂಟರ್ ಒಳಗೆ. ಯಾವ ಬಗೆಯ ರಿವರ್ಬ್ ಅಂದರೆ, ಮನೆಯ ವೋಕಲ್‌ಗೆ ನನ್ನ ವೋಟು ಪ್ಲೇಟಿಗೆ. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ 140 ಎಂಬ ಪ್ಲೇಟ್ ರಿವರ್ಬ್ ತಂದಿತು. ಸುಮಾರು 2 ಮೀಟರ್ ಉದ್ದ, 1 ಮೀಟರ್ ಅಗಲದ ತೆಳು ಉಕ್ಕಿನ ಹಾಳೆ. ಅದನ್ನು ನಡುಗಿಸಿ, ಆ ನಡುಕವನ್ನೇ ಹಿಡಿಯುವುದು. ಪೆಟ್ಟಿಗೆ ಸಮೇತ 250 ಕಿಲೋಗೂ ಮೇಲೆ ತೂಗುತ್ತಿತ್ತು. ಅದರ ನಕಲನ್ನು ನಾವು ಈಗ ಒಂದು ಕ್ಲಿಕ್‌ನಲ್ಲಿ ತೆರೆಯುತ್ತೇವೆ. ಪ್ಲೇಟಿನ ಒಳ್ಳೆಯ ಗುಣ ಏನೆಂದರೆ, ಅದರಲ್ಲಿ ಕೋಣೆ ಇಲ್ಲ, ಗೋಡೆಗಳಿಲ್ಲ. ದನಿಯ ಹಿಂದೆ ನೇರವಾಗಿ ದಟ್ಟ ಮೊಳಗು. ಎಷ್ಟು ಕಂಬಳಿ ಹಾಕಿದರೂ ನಿಮ್ಮ ರೆಕಾರ್ಡಿಂಗಿನಲ್ಲಿ ಒಂದಿಷ್ಟು ಕೋಣೆ ಇದ್ದೇ ಇರುತ್ತದೆ. ಅದರ ಜೊತೆ ಜಗಳಕ್ಕೆ ಇನ್ನೊಂದು ಕೋಣೆಯನ್ನು ಯಾಕೆ ತರಬೇಕು?

ಪ್ರೀ-ಡಿಲೇ 20ರಿಂದ 40 ಮಿಲಿಸೆಕೆಂಡ್ ಇಡಿ. ಅಷ್ಟು ಬಿಡುವಿನಲ್ಲಿ ಪದದ ಮೊದಲ ಅಕ್ಷರ ಶುಚಿಯಾಗಿ ಕಿವಿಗೆ ಮುಟ್ಟುತ್ತದೆ, ಮೊಳಗು ಆಮೇಲೆ ಬರುತ್ತದೆ. ಹಾಡುವವರು ಮುಂದೆಯೇ ಉಳಿಯುತ್ತಾರೆ. ರಿವರ್ಬಿಗೆ ಹೋಗುವ ದನಿಯ ಕೆಳಗಿನ ಫ್ರೀಕ್ವೆನ್ಸಿಗಳನ್ನೂ ಮೇಲಿನವನ್ನೂ ಇಕ್ಯೂ (ಬೇಕಾದ ಫ್ರೀಕ್ವೆನ್ಸಿಗಳನ್ನಷ್ಟೇ ಏರಿಸಿ ಇಳಿಸುವ ಸಾಧನ) ಹಾಕಿ ಕತ್ತರಿಸಿ. ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದ ಹಳೆಯ ರೂಢಿ 600 ಹರ್ಟ್ಸ್‌ಗಿಂತ ಕೆಳಗಿನದನ್ನೂ 10,000 ಹರ್ಟ್ಸ್‌ಗಿಂತ ಮೇಲಿನದನ್ನೂ ತಗ್ಗಿಸುವುದು. ನಾನು ಕೆಳಗೆ 300ಕ್ಕೆ ನಿಲ್ಲಿಸಿ ಮೇಲೆ 7,000ದಲ್ಲೇ ಕತ್ತರಿಸುತ್ತೇನೆ. ಮನೆಯ ಮೈಕಿನಲ್ಲಿ ಸ, ಶ ಎರಡೂ ಸೀಟಿ ಹೊಡೆಯುತ್ತವೆ. ಆ ಸೀಟಿಗೆ ರಿವರ್ಬ್ ಬಿದ್ದರೆ ಕಿವಿ ಉರಿಯುತ್ತದೆ.

ಕನ್ನಡದಲ್ಲಿ ಹಾಡುವವರಿಗೆ ಇನ್ನೊಂದು ಕಷ್ಟ ಇದೆ. ನಮ್ಮ ಕ್ಕ, ತ್ತ, ಪ್ಪದಂಥ ಒತ್ತಕ್ಷರಗಳು ನಿಂತಿರುವುದು ಮೌನದ ಮೇಲೆ. 'ಕತ್ತೆ' ಅನ್ನುವಾಗ ನಡುವೆ ನಾಲಿಗೆ ಒಂದು ಚಣ ಗಾಳಿಯನ್ನು ತಡೆದು ನಿಲ್ಲಿಸುತ್ತದೆ. ಆ ಖಾಲಿ ಜಾಗವೇ ಒತ್ತು. ರಿವರ್ಬಿನ ಬಾಲ ಅಲ್ಲಿ ತುಂಬಿಕೊಂಡರೆ ಕತ್ತೆ ಹೋಗಿ ಕತೆ ಆಗುತ್ತದೆ. ಭಾವಗೀತೆಯಲ್ಲಿ ಕತ್ತೆ ಬರುವುದು ಅಪರೂಪ, ಒಪ್ಪುತ್ತೇನೆ. ಆದರೆ ಹತ್ತಿರ, ಕತ್ತಲು, ಮುತ್ತು, ಚಿಕ್ಕ, ಅಪ್ಪ, ಅಕ್ಕ ಎಲ್ಲ ಬರುತ್ತವಲ್ಲ. ಡಿಕೇ, ಅಂದರೆ ಮೊಳಗು ಆರುವ ಹೊತ್ತು, ಎಷ್ಟಿರಬೇಕು ಅಂತ ಕೇಳುವವರಿಗೆ ನಾನು ಹೇಳುವುದು ಇದನ್ನೇ: ಒತ್ತಕ್ಷರ ಕೇಳಿಸುವಷ್ಟು. ನಿಧಾನದ ಹಾಡಿಗೆ ಸೆಕೆಂಡೂವರೆ, ವೇಗದ ಹಾಡಿಗೆ ಅದರ ಅರ್ಧದಿಂದ ಶುರು ಮಾಡಿ.

ಮಟ್ಟವನ್ನು ಹಾಡು ಪೂರ್ತಿ ಓಡುತ್ತಿರುವಾಗಲೇ ಹೊಂದಿಸಿ, ದನಿಯೊಂದನ್ನೇ ಕೇಳಿಸುವ ಸೋಲೋದಲ್ಲಿ ಬೇಡ. ಫೇಡರನ್ನು ರಿವರ್ಬ್ ಗೊತ್ತಾಗುವವರೆಗೆ ಏರಿಸಿ, ಆಮೇಲೆ ಒಂದೆರಡು ಡೆಸಿಬೆಲ್ ಇಳಿಸಿ. ಅಲ್ಲಿಗೆ ನಿಲ್ಲಿಸಿ ಎದ್ದು ಹೋಗಿ. ಅರ್ಧ ಗಂಟೆ ಅದನ್ನೇ ಕೇಳುತ್ತಾ ಕೂತರೆ ಕಿವಿ ಒಗ್ಗಿಹೋಗಿ ಇನ್ನೂ ಬೇಕು, ಇನ್ನೂ ಬೇಕು ಅನ್ನುತ್ತದೆ. ಹಾಡುವ ಹೊತ್ತಿನಲ್ಲಿ ಮಾತ್ರ ಧಾರಾಳ ಇರಲಿ. ಗಾಯಕರ ಹೆಡ್‌ಫೋನಿಗೆ ರಿವರ್ಬ್ ಕೊಡಿ, ಧೈರ್ಯ ಬರುತ್ತದೆ, ಸಾಲುಗಳನ್ನು ಎಳೆದು ಹಾಡುತ್ತಾರೆ. ಅದು ರೆಕಾರ್ಡ್ ಆಗದ ಹಾಗೆ ನೋಡಿಕೊಂಡರೆ ಸಾಕು.

ಆ ಮೊದಲ ಹಾಡನ್ನು ಹೋದ ವರ್ಷ ಮತ್ತೆ ಹಾಡಿದೆ. ಬೆನ್ನಿಗೆ ಕಂಬಳಿ, ಒಂದು ಪ್ಲೇಟ್, 30 ಮಿಲಿಸೆಕೆಂಡ್ ಪ್ರೀ-ಡಿಲೇ. ಅದೇ ಗೆಳೆಯನಿಗೆ ಕಳಿಸಿದೆ. 'ಚೆನ್ನಾಗಿದೆ ಕಣೋ, ಆದರೆ ಈ ಸಲ ರಿವರ್ಬ್ ಹಾಕೇ ಇಲ್ವಲ್ಲ' ಅಂದ. ನಾನೇನೂ ಹೇಳಲಿಲ್ಲ. ರಿವರ್ಬ್ ಚಾನೆಲ್ ಮ್ಯೂಟ್ ಮಾಡಿ ಇನ್ನೊಂದು ಫೈಲ್ ಕಳಿಸಿದೆ. ಎರಡು ನಿಮಿಷಕ್ಕೆ ಫೋನ್ ಬಂತು: 'ಏನ್ ಮಾಡ್ದೆ ಇದಕ್ಕೆ? ಮೊದಲಿಂದೇ ಇರಲಿ!'