ಪತ್ತೇದಾರಿ ಕಥೆಯಲ್ಲಿ ಬೆಕ್ಕಿನ ಪ್ರವೇಶ

ಸಹೃದಯರೆ,

ಶಿರಸಿ ಸೀಮೆಯ ನಮ್ಮೂರಿನಲ್ಲಿ ಒಮ್ಮೆ ತಾಳಮದ್ದಲೆ, ಅಂದರೆ ವೇಷ, ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನ, ನಡೆಯುತ್ತಿತ್ತು. ಸಂಧಾನಕ್ಕೆ ಬಂದ ಕೃಷ್ಣನ ಪಾತ್ರಕ್ಕೆ ಮಾತು ಕೊಡುವ ಅರ್ಥಧಾರಿಗಳು ಸೊಗಸಾಗಿ ಪೀಠಿಕೆ ಹಾಕುತ್ತಿದ್ದಾಗ ಆ ಮನೆಯ ಬೆಕ್ಕು ಜಮಖಾನದ ಮೇಲೆ ನಿಧಾನವಾಗಿ ನಡೆದು ಬಂದು, ಮದ್ದಲೆಯ ಪಕ್ಕದಲ್ಲಿ ಕುಳಿತು, ಮುಂಗಾಲನ್ನು ನೆಕ್ಕಿ ನೆಕ್ಕಿ ಮುಖ ಒರೆಸಿಕೊಳ್ಳತೊಡಗಿತು. ಕೃಷ್ಣನ ಮಾತು ನಿಲ್ಲಲಿಲ್ಲ. ಆದರೆ ಜಗಲಿಯಲ್ಲಿದ್ದ ಅಷ್ಟೂ ಕಣ್ಣುಗಳು ಆ ಮುಂಗಾಲಿನ ಮೇಲೆ ನೆಟ್ಟಿದ್ದವು. ಕಿರುತೆರೆಯ ಪತ್ತೇದಾರಿ ಧಾರಾವಾಹಿಗಳಲ್ಲಿ ಬೆಕ್ಕು ಇಡೀ ದೃಶ್ಯವನ್ನು ತನ್ನದಾಗಿಸಿಕೊಳ್ಳುವಾಗಲೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ.

ಕೊಲೆಯ ತನಿಖೆಯ ಕಥೆಯಲ್ಲಿ ಬೆಕ್ಕು ಹೀಗೆ ಕಣ್ಣು ಸೆಳೆಯುವುದಕ್ಕೆ ಇನ್ನೂ ಒಂದು ಕಾರಣವಿದೆ. ಅಲ್ಲಿ ಎಲ್ಲರೂ ಏನನ್ನೋ ಮುಚ್ಚಿಡುತ್ತಿರುತ್ತಾರೆ ಎಂಬುದು ನೋಡುಗರಿಗೆ ಗೊತ್ತಿರುವುದರಿಂದ, ಸತ್ತವನ ಹೆಂಡತಿಯ ಕಣ್ಣೀರನ್ನೂ ಅಡುಗೆಯವನ ವಿನಯವನ್ನೂ ನಾವು ಅನುಮಾನದಿಂದಲೇ ನೋಡುತ್ತೇವೆ. ಬೆಕ್ಕು ಮಾತ್ರ ಏನನ್ನೂ ನಟಿಸುವುದಿಲ್ಲ. ಅದು ಮುಚ್ಚಿದ ಬಾಗಿಲ ಮುಂದೆ ಕಾದು ಕುಳಿತರೆ ಒಳಗೆ ಏನೋ ಇದೆ. ಅಪರಿಚಿತನೆಂದು ಹೇಳಿಕೊಂಡವನ ತೊಡೆಯೇರಿ ಮಲಗಿದರೆ ಅವನು ಆ ಮನೆಗೆ ಹೊಸಬನಲ್ಲ.

ಜಪಾನಿನ ಲೇಖಕ ಜಿರೊ ಅಕಗಾವಾ 1978ರಲ್ಲಿ ಆರಂಭಿಸಿದ ಕಾದಂಬರಿ ಮಾಲಿಕೆಯ ‘ಹೋಮ್ಸ್’ ಎಂಬ ಮೂರು ಬಣ್ಣದ ಹೆಣ್ಣು ಬೆಕ್ಕು ಈ ಗುಣದ ಮೇಲೆಯೇ ನಿಂತ ಪಾತ್ರ. ರಕ್ತ ಕಂಡರೆ ತಲೆ ಸುತ್ತುವ ಕತಾಯಾಮಾ ಎಂಬ ಪೊಲೀಸನಿಗೆ ಅದು ಬರಿಯ ನಡೆಯಿಂದಲೇ ಸುಳಿವು ಕೊಡುತ್ತದೆ. 2012ರಲ್ಲಿ ಈ ಕಥೆ ಅಲ್ಲಿನ ಕಿರುತೆರೆಗೆ ಬಂದಾಗ ಬೆಕ್ಕಿಗೆ ಮನುಷ್ಯರೂಪವನ್ನೂ ಕೊಟ್ಟು ಮಾತನಾಡಿಸಿದರು. ಅದು ನನಗೆ ಒಪ್ಪಿಗೆಯಿಲ್ಲ. ಬೆಕ್ಕಿಗೆ ನೋಡುಗರಾದ ನಾವೇ ಅರ್ಥಧಾರಿಗಳು. ಅದಕ್ಕೇ ಮಾತು ಬಂದರೆ ನಮ್ಮ ಕೆಲಸ ತಪ್ಪಿಹೋಗುತ್ತದೆ.

ಚಿತ್ರೀಕರಣದಲ್ಲಿ ಬೆಕ್ಕನ್ನು ಬೈದು ದುಡಿಸಲಾಗದು. ನಿಲ್ಲಬೇಕಾದ ಜಾಗಕ್ಕೆ ತುತ್ತಿನ ಆಸೆಯಿಂದ ಬರುವಂತೆ ರೂಢಿ ಮಾಡಿಸುತ್ತಾರೆ. ಓಡಲು ಒಂದು, ಸುಮ್ಮನೆ ಮಲಗಲು ಇನ್ನೊಂದು ಎಂದು ಒಂದೇ ಬಣ್ಣದ ಹಲವು ಬೆಕ್ಕುಗಳನ್ನು ಒಂದೇ ಪಾತ್ರಕ್ಕೆ ಬಳಸುವುದೂ ಉಂಟು.

ಆದರೆ ಯಾವ ಧಾರಾವಾಹಿಯ ಬೆಕ್ಕಿಗಿಂತಲೂ ನನ್ನನ್ನು ಹೆಚ್ಚು ಕಾಡಿರುವುದು ನಿಜವಾದ ಒಂದು ಬೆಕ್ಕು. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ 1994ರಲ್ಲಿ ಮಹಿಳೆಯೊಬ್ಬರ ಕೊಲೆಯಾಯಿತು. ರಕ್ತದ ಕಲೆಯಿದ್ದ ಚರ್ಮದ ಜಾಕೆಟ್ಟೊಂದು ಸಿಕ್ಕಿತು. ಅದರಲ್ಲಿ ಬಿಳಿಯ ಕೂದಲುಗಳಿದ್ದವು. ಆರೋಪಿ ಆ ಮಹಿಳೆಯಿಂದ ಬೇರೆಯಾಗಿದ್ದ ಸಂಗಾತಿ, ಅವನ ಮನೆಯಲ್ಲಿ ಸ್ನೋಬಾಲ್ ಎಂಬ ಬಿಳಿಯ ಬೆಕ್ಕಿತ್ತು. ಅಮೆರಿಕದ ವಿಜ್ಞಾನಿ ಸ್ಟೀಫನ್ ಓಬ್ರಯನ್ ಅವರ ಪ್ರಯೋಗಾಲಯ ಕೂದಲಿನ ಡಿಎನ್‌ಎಯನ್ನು ಬೆಕ್ಕಿನ ರಕ್ತದೊಡನೆ ತಾಳೆ ನೋಡಿತು. ದ್ವೀಪದ ಬೆಕ್ಕುಗಳೆಲ್ಲ ಹತ್ತಿರದ ಸಂಬಂಧಿಗಳಾಗಿದ್ದರೆ ಆ ತಾಳೆಗೆ ಬೆಲೆ ಇರುವುದಿಲ್ಲವೆಂದು ಅಲ್ಲಿಯ ಬೇರೆ ಬೆಕ್ಕುಗಳ ರಕ್ತವನ್ನೂ ಪರೀಕ್ಷಿಸಿತು. 1996ರಲ್ಲಿ ಅಪರಾಧ ಸಾಬೀತಾಯಿತು. ಸ್ನೋಬಾಲ್ ಮಾಡಿದ್ದು ಇಷ್ಟೇ, ಎಂದಿನಂತೆ ಮೈ ತಾಗಿದಲ್ಲಿ ಒಂದಿಷ್ಟು ಕೂದಲು ಉದುರಿಸಿದ್ದು.

ಈ ಸಂಗತಿ ತಿಳಿದಂದಿನಿಂದ ತೆರೆಯ ಮೇಲೆ ಬೆಕ್ಕೊಂದು ಯಾರದೋ ಕಾಲಿಗೆ ಮೈ ಉಜ್ಜಿ ಹೋದಾಗ, ನಾನು ಆ ಪ್ಯಾಂಟಿನ ಬಣ್ಣವನ್ನು ನೋಡಿಟ್ಟುಕೊಳ್ಳುತ್ತೇನೆ.