ಬೇರೆ ಕಾಯಿಲೆಯ ಮಾತ್ರೆ, ನಮ್ಮ ನಿದ್ದೆಗೆ

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ, ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟಿದ್ದ ಚೀಟಿಯನ್ನು ಬಿಡಿಸಿ ಓದಿದೆ. ನಿದ್ದೆ ಬರಲಿ ಎಂದು ಡಾಕ್ಟರು ಬರೆದುಕೊಟ್ಟಿದ್ದ ಮಾತ್ರೆ ಅದು. ಹೆಸರು ಟ್ರಾಜೊಡೋನ್. ಯಾವ ಕಾಯಿಲೆಗೆ ಕೊಡಬೇಕು ಎಂಬಲ್ಲಿ ಖಿನ್ನತೆ ಎಂದು ಬರೆದಿತ್ತು. ನಿದ್ರಾಹೀನತೆಯ ಸುದ್ದಿಯೇ ಇಲ್ಲ. ಕೆಳಗೆ ಅಡ್ಡಪರಿಣಾಮಗಳ ಪಟ್ಟಿಗೆ ಬಂದಾಗ ಸಿಕ್ಕಿತು: ತೂಕಡಿಕೆ, ಮಂಪರು. ನನಗೆ ಬೇಕಾಗಿದ್ದ ಪರಿಣಾಮ ಅಡ್ಡಪರಿಣಾಮಗಳ ಸಾಲಿನಲ್ಲಿ ಕೂತಿತ್ತು.

ತಲೆಯಲ್ಲಿ ಏನೇನೋ ಓಡಿತು. ಡಾಕ್ಟರು ನನಗೆ ಮನಸ್ಸಿನ ಕಾಯಿಲೆ ಇದೆ ಎಂದುಕೊಂಡು ಅದನ್ನು ಮುಚ್ಚಿಟ್ಟಿದ್ದಾರಾ? ಇಲ್ಲಾ ತಪ್ಪಿ ಬೇರೆ ಯಾರದೋ ಮಾತ್ರೆ ಬರೆದರಾ? ಆ ರಾತ್ರಿ ಮಾತ್ರೆ ನುಂಗಲಿಲ್ಲ. ನಿದ್ದೆಯೂ ಬರಲಿಲ್ಲ. ಡಾಕ್ಟರು ಮಾತ್ರೆ ಬರೆದುಕೊಡುವಾಗ ಐದು ನಿಮಿಷ ಮಾತಾಡಿದ್ದರೆ ಆ ಭಯ ಇರುತ್ತಿರಲಿಲ್ಲ. ಆ ಮಾತನ್ನು ಇವತ್ತು ನಿಮ್ಮ ಜೊತೆ ಆಡೋಣ ಎಂದು ಬಂದಿದ್ದೇನೆ. ನಾನು ಡಾಕ್ಟರಲ್ಲ. ವರ್ಷಗಟ್ಟಲೆ ನಿದ್ದೆಗೆಟ್ಟವನು, ಹಾಗಾಗಿ ಈ ವಿಷಯವನ್ನು ಹುಡುಕಿ ಹುಡುಕಿ ಓದಿದವನು.

ಒಂದೆರಡು ರಾತ್ರಿ ನಿದ್ದೆ ಬರದಿರುವುದು ಎಲ್ಲರಿಗೂ ಉಂಟು. ವಾರಕ್ಕೆ 3 ರಾತ್ರಿಯಾದರೂ ನಿದ್ದೆ ಕೆಟ್ಟು, ಅದು 3 ತಿಂಗಳು ದಾಟಿ, ಹಗಲಿನ ಕೆಲಸವೂ ಹಾಳಾಗುತ್ತಿದ್ದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಇದು ಬಂದವರಿಗೆ ಜನ ಮೊದಲು ಹೇಳುವುದು ಗಾದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ. ಹೇಳುವವರ ಮನಸ್ಸು ಕೆಟ್ಟದ್ದೇನಲ್ಲ. ಆದರೆ ರಾತ್ರಿ ಮೂರು ಗಂಟೆಗೆ ಎದ್ದು ಕೂತವನಿಗೆ ಆ ಗಾದೆ ಚುಚ್ಚುತ್ತದೆ. ಮೊದಲು ಚಿಂತೆಯಿಂದ ನಿದ್ದೆ ಹೋಗಿರಬಹುದು. ಆಮೇಲೆ ಆ ಚಿಂತೆ ಹೋದರೂ ನಿದ್ದೆ ವಾಪಸ್ ಬರುವುದಿಲ್ಲ. ಹಾಸಿಗೆ ಕಂಡರೇ ಎದೆ ಹೊಡೆದುಕೊಳ್ಳುತ್ತದೆ. ನನಗೆ ಹಾಗೇ ಆಗಿತ್ತು.

ಈಗ ಆ ಚೀಟಿಯ ವಿಷಯಕ್ಕೆ ಬರೋಣ. ಒಂದು ಔಷಧಿ ಮಾರುಕಟ್ಟೆಗೆ ಬರಬೇಕಾದರೆ ಕಂಪನಿ ಅದನ್ನು ಇಂಥದ್ದೇ ಕಾಯಿಲೆಗೆ ಎಂದು ಪರೀಕ್ಷೆ ಮಾಡಿ ತೋರಿಸಬೇಕು. ಅಮೆರಿಕದಲ್ಲಿ, ಔಷಧಿ ಅಪಾಯಕಾರಿ ಅಲ್ಲ ಎಂದಷ್ಟೇ ತೋರಿಸಿದರೆ ಸಾಲದು, ಕೆಲಸ ಮಾಡುತ್ತದೆ ಎಂದೂ ತೋರಿಸಬೇಕು ಎಂಬ ಕಾನೂನು 1962ರಲ್ಲಿ ಬಂತು. ಹೀಗೆ ಒಪ್ಪಿಗೆ ಸಿಕ್ಕಿದ ಕಾಯಿಲೆಯ ಹೆಸರು ಲೇಬಲ್ಲಿನ ಮೇಲೆ, ಅಂದರೆ ಡಬ್ಬಿಯೊಳಗಿನ ಅಂಥ ಚೀಟಿಯ ಮೇಲೆ, ಬರುತ್ತದೆ. ಡಾಕ್ಟರು ತಮ್ಮ ತಿಳಿವಳಿಕೆಯ ಮೇಲೆ ಅದೇ ಔಷಧಿಯನ್ನು ಲೇಬಲ್ಲಿನಲ್ಲಿ ಇಲ್ಲದ ತೊಂದರೆಗೆ ಕೊಟ್ಟರೆ ಅದು ಆಫ್-ಲೇಬಲ್ ಬಳಕೆ. ಇದು ಕಳ್ಳತನದ ಕೆಲಸವಲ್ಲ. ಮಕ್ಕಳ ಚಿಕಿತ್ಸೆಯಲ್ಲಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದು ದಿನಬೆಳಗಾದರೆ ನಡೆಯುತ್ತದೆ. ಔಷಧಿ ಹಳೆಯದಾಗಿ ಪೇಟೆಂಟ್ ಮುಗಿದ ಮೇಲೆ, ಹೊಸ ಕಾಯಿಲೆಗೆ ಅದನ್ನು ಪರೀಕ್ಷಿಸಲು ಕಂಪನಿಗಳು ದುಡ್ಡು ಹಾಕುವುದು ಅಪರೂಪ. ಹಾಗಾಗಿ ಲೇಬಲ್ ಹಳೆಯದಾಗಿಯೇ ಉಳಿಯುತ್ತದೆ.

ಹಾಗಾದರೆ ನಿದ್ದೆಗೆಂದೇ ಇರುವ ಮಾತ್ರೆಗಳನ್ನು ಬಿಟ್ಟು ಇವುಗಳ ಹಿಂದೆ ಯಾಕೆ ಹೋಗುತ್ತಾರೆ? ಅಭ್ಯಾಸ ಆಗಿಬಿಡುವ ಭಯ. 1960ರ ದಶಕದಲ್ಲಿ ಡಯಾಜೆಪಾಮ್ ಜಾತಿಯ ಮಾತ್ರೆಗಳು ಬಂದವು. ಚೆನ್ನಾಗಿ ನಿದ್ದೆ ಬರಿಸುತ್ತವೆ. ಬಹಳ ದಿನ ತೆಗೆದುಕೊಂಡರೆ ಮೈ ಅದಕ್ಕೇ ಒಗ್ಗಿಹೋಗುತ್ತದೆ, ಬಿಡುವುದು ಕಷ್ಟ. ಆಮೇಲೆ ಜೋಲ್ಪಿಡೆಮ್ ಬಂತು. ಅದರ ಮಂಪರು ಹೆಂಗಸರ ಮೈಯಿಂದ ನಿಧಾನವಾಗಿ ಇಳಿಯುತ್ತದೆ ಎಂದು 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಅಂದರೆ ಎಫ್‌ಡಿಎ, ಅವರ ಡೋಸನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಲು ಹೇಳಿತು. ನಿದ್ದೆಗಣ್ಣಿನಲ್ಲಿ ನಡೆದಾಡುವುದು, ಕಾರು ಓಡಿಸುವುದು, ಎಚ್ಚರವಾದ ಮೇಲೆ ಅದರ ನೆನಪೇ ಇಲ್ಲದಿರುವುದು, ಇಂಥವು ನಡೆದದ್ದರಿಂದ 2019ರಲ್ಲಿ ಇನ್ನೂ ಕಟ್ಟುನಿಟ್ಟಾದ ಎಚ್ಚರಿಕೆ ಹಾಕಿಸಿತು. ಇಷ್ಟೆಲ್ಲ ಕಂಡ ಡಾಕ್ಟರು, ಚಟ ಹಿಡಿಸದ ಹಳೆಯ ಮಾತ್ರೆಯೊಂದನ್ನು ಸಣ್ಣ ಡೋಸಿನಲ್ಲಿ ಕೊಟ್ಟು ನೋಡೋಣ ಎನ್ನುತ್ತಾರೆ. ಅದರಲ್ಲಿ ಅರ್ಥ ಇದೆ, ಅಲ್ವಾ?

ಟ್ರಾಜೊಡೋನ್ ಅನ್ನೇ ತೆಗೆದುಕೊಳ್ಳಿ. ಖಿನ್ನತೆಗೆ ದಿನಕ್ಕೆ 150 ಮಿಲಿಗ್ರಾಂನಿಂದ ಮೇಲಕ್ಕೆ ಕೊಡುತ್ತಾರೆ. ನಿದ್ದೆಗೆ 25, 50, ಹೆಚ್ಚೆಂದರೆ 100. ನಮ್ಮ ಮೆದುಳಿನಲ್ಲಿ ಹಿಸ್ಟಮೀನ್ ಎಂಬ ವಸ್ತು ನಮ್ಮನ್ನು ಎಚ್ಚರವಾಗಿಡುತ್ತದೆ. ನೆಗಡಿ, ಅಲರ್ಜಿಯ ಹಳೆಯ ಮಾತ್ರೆ ನುಂಗಿದರೆ ಕಣ್ಣು ಎಳೆಯುವುದು ಇದೇ ಹಿಸ್ಟಮೀನಿಗೆ ತಡೆ ಬೀಳುವುದರಿಂದ. ಟ್ರಾಜೊಡೋನ್ ಸಣ್ಣ ಡೋಸಿನಲ್ಲಿ ಹಿಸ್ಟಮೀನನ್ನೂ ಎಚ್ಚರ ತರುವ ಇನ್ನೆರಡು ದಾರಿಗಳನ್ನೂ ತಡೆಯುತ್ತದೆ. ಖಿನ್ನತೆ ಕಳೆಯುವ ಕೆಲಸಕ್ಕೆ ಆ ಡೋಸು ಸಾಲದು. ನನ್ನ ಡಾಕ್ಟರು ನನಗೆ ಖಿನ್ನತೆ ಇದೆ ಎಂದುಕೊಂಡಿರಲಿಲ್ಲ ಎಂದು ಗೊತ್ತಾದದ್ದು ಹೀಗೆ.

ಇದಕ್ಕೂ ಬೆಲೆ ತೆರಬೇಕು. ರಾತ್ರಿ ಮೂತ್ರಕ್ಕೆಂದು ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ವಯಸ್ಸಾದವರು ಹೀಗೇ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು. ಇನ್ನೊಂದು ಮಾತು, ಹೇಳಲು ಮುಜುಗರ ಆದರೂ ಹೇಳಲೇಬೇಕು. ಅಪರೂಪಕ್ಕೆ ಗಂಡಸರಲ್ಲಿ ಶಿಶ್ನ ನೋವಿನಿಂದ ಸೆಟೆದು ಗಂಟೆಗಟ್ಟಲೆ ಇಳಿಯದೆ ಇರಬಹುದು. 4 ಗಂಟೆ ದಾಟಿದರೆ ನಾಚಿಕೆ ಬಿಟ್ಟು ಆಸ್ಪತ್ರೆಗೆ ಓಡಬೇಕು. ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಕೆಲಸವಾದರೂ ಮಾಡುತ್ತದಾ? ಅಮೆರಿಕದ ನಿದ್ರಾ ವೈದ್ಯರ ಸಂಘ 2017ರಲ್ಲಿ ಇದ್ದ ಪುರಾವೆಗಳನ್ನೆಲ್ಲ ತೂಗಿ ನೋಡಿ, ನಿದ್ರಾಹೀನತೆಗೆ ಟ್ರಾಜೊಡೋನ್ ಬೇಡ ಎಂದು ಸಲಹೆ ಕೊಟ್ಟಿತು. ಪುರಾವೆ ದುರ್ಬಲ ಎಂದು ಅವರೇ ಒಪ್ಪಿಕೊಂಡರು. ಅಲ್ಲಿನ ಅಂಗಡಿಗಳಲ್ಲಿ ಡಾಕ್ಟರ ಚೀಟಿ ಇಲ್ಲದೆ ಸಿಗುವ ಅಲರ್ಜಿಯ ಹಳೆಯ ಮಾತ್ರೆ ಡೈಫೆನ್‌ಹೈಡ್ರಮೀನ್‌ಗೂ ಅದೇ ಸಲಹೆ. ನನಗೆ ಟ್ರಾಜೊಡೋನ್ ಮೊದಲ ಕೆಲವು ವಾರ ನಿಜಕ್ಕೂ ನೆರವಾಯಿತು. ಇದು ನನ್ನೊಬ್ಬನ ಅನುಭವ, ಅದರ ಮೇಲೆ ನೀವು ಲೆಕ್ಕ ಹಾಕಬೇಡಿ.

ಒಂದು ಮಾತ್ರೆಯ ಕಥೆ ಮಾತ್ರ ನನಗೆ ತುಂಬಾ ಇಷ್ಟ. ಡಾಕ್ಸೆಪಿನ್. 1969ರಿಂದ ಖಿನ್ನತೆಗೆ ಇದ್ದ ಮಾತ್ರೆ. ಡೋಸು 75, 150, ಕೆಲವೊಮ್ಮೆ 300 ಮಿಲಿಗ್ರಾಂ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ತಲೆ ಮಂಕಾಗುತ್ತದೆ. ಡಾಕ್ಟರು ಇದನ್ನು ಬಹಳ ಕಾಲ ನಿದ್ದೆಗೂ ಆಫ್-ಲೇಬಲ್ ಆಗಿ ಕೊಡುತ್ತಿದ್ದರು. ಡೋಸನ್ನು ಇಳಿಸುತ್ತಾ ಹೋದಾಗ ಗೊತ್ತಾದದ್ದು ಏನೆಂದರೆ, ಬರೀ 3ರಿಂದ 6 ಮಿಲಿಗ್ರಾಂನಲ್ಲಿ ಇದು ಹೆಚ್ಚುಕಡಿಮೆ ಹಿಸ್ಟಮೀನನ್ನು ಮಾತ್ರ ತಡೆಯುತ್ತದೆ. ಬೇರೆ ತೊಂದರೆಗಳು ಬಹಳ ಮಟ್ಟಿಗೆ ಹಿಂದೆ ಉಳಿಯುತ್ತವೆ. ಸರಿಯಾದ ಪರೀಕ್ಷೆಗಳು ನಡೆದವು. 2010ರಲ್ಲಿ ಎಫ್‌ಡಿಎ ಈ ಸಣ್ಣ ಡೋಸನ್ನು ನಿದ್ದೆಗೆಂದೇ ಒಪ್ಪಿತು. ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದವರಿಗೆ ಇದು. ಲೇಬಲ್ಲಿನ ಹೊರಗಿದ್ದ ಬಳಕೆ ಲೇಬಲ್ಲಿನ ಒಳಗೆ ಬಂತು. ಉಳಿದ ಮಾತ್ರೆಗಳಿಗೂ ಹೀಗೇ ಯಾರಾದರೂ ದುಡ್ಡು ಹಾಕಿ ಪರೀಕ್ಷೆ ಮಾಡಬಾರದೇ ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ.

ಇನ್ನು ನನಗೆ ಕೋಪ ಬರುವ ಮಾತ್ರೆ. ಕ್ವೆಟಿಯಾಪಿನ್. ಸ್ಕಿಜೋಫ್ರೇನಿಯಾದಂಥ ಗಂಭೀರ ಮನಸ್ಸಿನ ಕಾಯಿಲೆಗೆ ಇರುವ, ಅಲ್ಲಿ ಎಷ್ಟೋ ಜನರ ಬದುಕನ್ನು ಕಾಯ್ದ ಔಷಧಿ. ಅದನ್ನು 25, 50 ಮಿಲಿಗ್ರಾಂ ಎಂದು ಸುಮ್ನೆ ನಿದ್ದೆಗೆ ಬರೆದುಕೊಡುವುದು ಜಾಸ್ತಿಯಾಗಿದೆ. ಸಣ್ಣ ಡೋಸಿನಲ್ಲೂ ತೂಕ ಏರಬಹುದು, ಸಕ್ಕರೆ ಏರಬಹುದು. ಮರೆಗುಳಿತನ ಇರುವ ವೃದ್ಧರಲ್ಲಿ ಸಾವಿನ ಅಪಾಯವೇ ಹೆಚ್ಚುತ್ತದೆ ಎಂಬ ಎಚ್ಚರಿಕೆ ಅದರ ಲೇಬಲ್ಲಿನ ಮೇಲೇ ಇದೆ. ದೊಡ್ಡವರ ನಿದ್ರಾಹೀನತೆಗೆ ಇಂಥ ಔಷಧಿಗಳನ್ನು ಮೊದಲ ಚಿಕಿತ್ಸೆಯಾಗಿ ಕೊಡಬೇಡಿ ಎಂದು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲೇ ಹೇಳಿತು. ಡಾಕ್ಟರು ಆಫ್-ಲೇಬಲ್ ಆಗಿ ಬರೆಯಬಹುದು, ಆದರೆ ಕಂಪನಿ ಹಾಗೆ ಬಳಸಿ ಎಂದು ಪ್ರಚಾರ ಮಾಡುವಂತಿಲ್ಲ. ನಿದ್ರಾಹೀನತೆಯೂ ಸೇರಿ ಒಪ್ಪಿಗೆ ಇಲ್ಲದ ತೊಂದರೆಗಳಿಗೆ ಕ್ವೆಟಿಯಾಪಿನ್ ಪ್ರಚಾರ ಮಾಡಿತು ಎಂಬ ಆರೋಪದ ಮೇಲೆ 2010ರಲ್ಲಿ ಆಸ್ಟ್ರಾಜೆನೆಕಾ ಕಂಪನಿ ಅಮೆರಿಕ ಸರ್ಕಾರಕ್ಕೆ 52 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆರೋಪವನ್ನು ಕಂಪನಿ ಒಪ್ಪಲಿಲ್ಲ.

ಹಾಗಾದರೆ ಆಫ್-ಲೇಬಲ್ ಮಾತ್ರೆ ಬೇಡವೇ ಬೇಡ ಎನ್ನಬೇಕಾ? ನಾನು ಹಾಗೆ ಹೇಳಲಾರೆ. ನಿದ್ದೆ ಕೆಡಿಸುತ್ತಿರುವ ಇನ್ನೊಂದು ತೊಂದರೆ ಇದ್ದು, ಅದಕ್ಕೂ ಆ ಮಾತ್ರೆ ನಾಟಿದರೆ ಅದಕ್ಕೆ ಗಟ್ಟಿ ಕಾರಣ ಇದೆ. ನರದ ನೋವಿನಿಂದ ರಾತ್ರಿಯೆಲ್ಲ ಹೊರಳಾಡುವವರಿಗೆ ಗ್ಯಾಬಪೆಂಟಿನ್ ಕೊಟ್ಟರೆ ನೋವೂ ಇಳಿಯುತ್ತದೆ, ನಿದ್ದೆಯೂ ಹತ್ತುತ್ತದೆ. ಖಿನ್ನತೆಯಿಂದ ಊಟ ಬಿಟ್ಟು, ತೂಕ ಇಳಿದು, ನಿದ್ದೆಯೂ ಕೆಟ್ಟವರಿಗೆ ಮಿರ್ಟಾಜಪಿನ್ ಒಪ್ಪುತ್ತದೆ, ಏಕೆಂದರೆ ಅದು ಹಸಿವನ್ನೂ ಹೆಚ್ಚಿಸುತ್ತದೆ. ಆದರೆ ಮೊದಲೇ ತೂಕ ಜಾಸ್ತಿ ಇರುವವರಿಗೆ ಅದೇ ಮಾತ್ರೆ ತಲೆನೋವು. ಮಾತ್ರೆ ಒಂದೇ, ಮೈ ಬೇರೆ.

ತಪ್ಪು ಕಡೆ ಬಿದ್ದರೆ ಏನಾಗುತ್ತದೆ ಎಂದೂ ಹೇಳುತ್ತೇನೆ. ಕೆಲವರಿಗೆ ಸಂಜೆಯಾದರೆ ಕಾಲು ಜುಮುಜುಮು ಎನ್ನುತ್ತದೆ, ಆಡಿಸದೆ ಇರಲಾಗುವುದಿಲ್ಲ. ಅವರ ನಿದ್ದೆ ಕೆಡುವುದು ಅದರಿಂದ. ಎಷ್ಟೋ ಸಲ ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇರುವುದು ಇದಕ್ಕೆ ಕಾರಣ, ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಅಂಥವರಿಗೆ ಮಿರ್ಟಾಜಪಿನ್ ಅಥವಾ ಡೈಫೆನ್‌ಹೈಡ್ರಮೀನ್ ಕೊಟ್ಟರೆ ಕಾಲಿನ ಕಾಟ ಇನ್ನೂ ಹೆಚ್ಚಬಹುದು. ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟುವವರದು ಇನ್ನೊಂದು ಕಥೆ. ಅವರಿಗೆ ಮೊದಲು ಬೇಕಾದದ್ದು ಉಸಿರಿನ ಪರೀಕ್ಷೆ. ಉಸಿರಾಟದ ತೊಂದರೆ ಇರುವವರು, ಅಫೀಮು ಜಾತಿಯ ನೋವಿನ ಮಾತ್ರೆ ತೆಗೆದುಕೊಳ್ಳುವವರು ಗ್ಯಾಬಪೆಂಟಿನ್ ಸೇರಿಸಿಕೊಂಡರೆ ಉಸಿರು ಅಪಾಯದ ಮಟ್ಟಕ್ಕೆ ಇಳಿಯಬಹುದು ಎಂದು ಎಫ್‌ಡಿಎ 2019ರಲ್ಲಿ ಎಚ್ಚರಿಸಿತು. ಮದ್ಯದ ಜೊತೆಗಂತೂ ಇವು ಯಾವುದೂ ಬೇಡ.

ಅದಕ್ಕೇ ನನ್ನ ಕೋರಿಕೆ ಇಷ್ಟು. ಚೀಟಿ ಕೈಗೆ ಬಂದಾಗ ಕೇಳಿ. ಡಾಕ್ಟ್ರೇ, ಇಷ್ಟು ಮಾತ್ರೆಗಳಲ್ಲಿ ಇದೇ ಯಾಕೆ ನನಗೆ? ಎಷ್ಟು ವಾರಕ್ಕೆ? ಬೆಳಿಗ್ಗೆ ಗಾಡಿ ಓಡಿಸಬಹುದಾ? ನಿಲ್ಲಿಸುವುದು ಹೇಗೆ? ಮೊದಲ ಪ್ರಶ್ನೆಗೆ ನಿಮ್ಮದೇ ಮೈಗೆ ಸಂಬಂಧಿಸಿದ ಉತ್ತರ ಬಂದರೆ ನೆಮ್ಮದಿಯಿಂದ ನುಂಗಿ. ಎಲ್ಲರಿಗೂ ಇದನ್ನೇ ಕೊಡುತ್ತೇವೆ ಎಂಬ ಉತ್ತರ ಬಂದರೆ ಇನ್ನೊಬ್ಬರನ್ನು ಕಾಣುವುದರಲ್ಲಿ ತಪ್ಪಿಲ್ಲ.

ಮಾತ್ರೆ ಇಲ್ಲದ ಚಿಕಿತ್ಸೆಯ ಬಗ್ಗೆಯೂ ಕೇಳಿ. ನಿದ್ರಾಹೀನತೆಗೆಂದೇ ರೂಪಿಸಿದ ಸಿಬಿಟಿ ಎಂಬ ಮಾತಿನ, ಅಭ್ಯಾಸದ ಚಿಕಿತ್ಸೆ ಇದೆ. ಎಲ್ಲಕ್ಕಿಂತ ಮೊದಲು ಇದನ್ನೇ ಕೊಡಿ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲಿ ಹೇಳಿತು. ಅದರ ಒಂದು ಭಾಗವನ್ನು ಮನೋವಿಜ್ಞಾನಿ ರಿಚರ್ಡ್ ಬೂಟ್ಜಿನ್ 1972ರಲ್ಲಿ ಬರೆದರು. ಕಣ್ಣು ಎಳೆದಾಗ ಮಾತ್ರ ಮಲಗಿ. ಸುಮಾರು 20 ನಿಮಿಷ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ. ಇನ್ನೊಂದು ಭಾಗ ಇನ್ನೊಬ್ಬ ಮನೋವಿಜ್ಞಾನಿ ಆರ್ಥರ್ ಸ್ಪೀಲ್ಮನ್ ಅವರದು, 1987ರದು. ರಾತ್ರಿಗೆ ಆರು ಗಂಟೆ ನಿದ್ದೆ ಬರುತ್ತಿದ್ದರೆ ಹಾಸಿಗೆಯಲ್ಲಿ ಆರೇ ಗಂಟೆ ಇರಿ, ಏಳುವ ಹೊತ್ತು ಬದಲಿಸಬೇಡಿ, ನಿದ್ದೆ ಗಟ್ಟಿಯಾದ ಮೇಲೆ ಹದಿನೈದು ಹದಿನೈದು ನಿಮಿಷ ಸೇರಿಸಿ. ಕೇಳಲು ಕ್ರೂರ ಎನ್ನಿಸುತ್ತದೆ. ನನಗೂ ಮೊದಲ ಹತ್ತು ದಿನ ಅಳು ಬರುವಷ್ಟು ದಣಿವಾಯಿತು. ಮೂರನೇ ವಾರದಲ್ಲಿ ಹಾಸಿಗೆಯ ಭಯ ಹೋಯಿತು. ಮೂರ್ಛೆರೋಗ, ಬೈಪೋಲಾರ್ ಕಾಯಿಲೆ ಇರುವವರು, ದೊಡ್ಡ ವಾಹನ ಓಡಿಸುವವರು ಮಾತ್ರ ಇದನ್ನು ತಾವಾಗಿ ಮಾಡಬಾರದು.

ಮಾತ್ರೆಯನ್ನು ನಾನು ಒಂದೇ ಸಲ ಬಿಡಲಿಲ್ಲ. ನೀವೂ ಬಿಡಬೇಡಿ. ಥಟ್ಟನೆ ನಿಲ್ಲಿಸಿದರೆ ನಿದ್ದೆ ಮೊದಲಿಗಿಂತ ಕೆಡಬಹುದು, ಆಗ ಮಾತ್ರೆ ಇಲ್ಲದೆ ಬದುಕೇ ಇಲ್ಲ ಎನ್ನಿಸಿಬಿಡುತ್ತದೆ. ಡಾಕ್ಟರು ಹೇಳಿದ ಹಾಗೆ ಅರ್ಧ ಮಾಡಿ, ಆಮೇಲೆ ಕಾಲು ಮಾಡಿ, ಎರಡು ತಿಂಗಳಲ್ಲಿ ನಿಲ್ಲಿಸಿದೆ. ಈಗಲೂ ಕೆಲವು ರಾತ್ರಿ ನಿದ್ದೆ ಬರುವುದಿಲ್ಲ. ಎದ್ದು ಕೂರುತ್ತೇನೆ, ಕಣ್ಣು ಎಳೆದಾಗ ಬಂದು ಮಲಗುತ್ತೇನೆ.

ಡಾಕ್ಟರ ಹತ್ತಿರ ಹೋಗುವ ಮುಂಚೆ ಎರಡು ವಾರ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡಿ. ಎಷ್ಟು ಹೊತ್ತಿಗೆ ಮಲಗಿದಿರಿ, ಸುಮಾರು ಎಷ್ಟಕ್ಕೆ ನಿದ್ದೆ ಹತ್ತಿತು, ಎಷ್ಟು ಸಲ ಎಚ್ಚರವಾಯಿತು, ಎಷ್ಟಕ್ಕೆ ಎದ್ದಿರಿ, ಕಾಫಿ ಯಾವಾಗ ಕುಡಿದಿರಿ, ಬೇರೆ ಯಾವ ಮಾತ್ರೆ ನುಂಗಿದಿರಿ. ರಾತ್ರಿ ಗಡಿಯಾರ ನೋಡಿಕೊಂಡು ಬರೆಯಬೇಡಿ, ಬೆಳಿಗ್ಗೆ ಅಂದಾಜಿನಲ್ಲಿ ಬರೆದರೆ ಸಾಕು. ಪಕ್ಕದಲ್ಲಿ ಮಲಗುವವರನ್ನು ಗೊರಕೆಯ ಬಗ್ಗೆ, ಕಾಲು ಒದೆಯುವುದರ ಬಗ್ಗೆ ಕೇಳಿ, ಅದನ್ನೂ ಬರೆಯಿರಿ. ಆ ಎರಡು ವಾರದ ಪುಟಗಳನ್ನು ಡಾಕ್ಟರ ಮೇಜಿನ ಮೇಲಿಟ್ಟು ಮಾತು ಶುರು ಮಾಡಿ.

ನಮಸ್ಕಾರ.