ಬಿಸಿಯಾದ ಕಬ್ಬಿಣ ಬೆಳೆಯುತ್ತದೆ: ಹಳೆಯ ಲಾರಿಯ ಎಕ್ಸಾಸ್ಟ್ ಸೋರಿಕೆಗೆ ಅಗ್ಗದ ರಿಪೇರಿಗಳು

ಅಧ್ಯಕ್ಷರೇ, ಹಳೆಯ ಗಾಡಿಗಳನ್ನು ಮಾರಲು ಮನಸ್ಸಾಗದೆ ಇಲ್ಲಿ ಬಂದು ಸೇರಿರುವ ಸ್ನೇಹಿತರೇ,

ಈ ಉಪನ್ಯಾಸಕ್ಕೆ ನಾನು ಒಪ್ಪಿಕೊಳ್ಳಲು ಒಂದು ಪುಟ್ಟಿ ಡಬ್ಬಿ ಕಾರಣ. ಕಳೆದ ತಿಂಗಳು ಪರಿಚಿತರೊಬ್ಬರು ತಮ್ಮ ಲಾರಿಯ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರಿನತ್ತ ಒಯ್ಯುವ ಎರಕದ ಕಬ್ಬಿಣದ ಕೊಳವೆ) ಎಷ್ಟು ಮೆತ್ತಿದರೂ ಸೋರುತ್ತದೆಂದು ಕರೆದೊಯ್ದು ತೋರಿಸಿದರು. ಮೊದಲ ಸಿಲಿಂಡರಿನ ಬಳಿ ಶಾಖ ತಡೆಯುವ ಪುಟ್ಟಿಯನ್ನು ಗೋಡೆಗೆ ಗಾರೆ ಬಳಿದಂತೆ ಮೂರು ಪದರ ಬಳಿಯಲಾಗಿತ್ತು. ಕೆರೆದು ನೋಡಿದಾಗ ಒಳಗೆ ಬೋಲ್ಟಿನ ತಲೆಯೇ ಇರಲಿಲ್ಲ. ಪುಟ್ಟಿಯ ದೋಷವೇನೂ ಇಲ್ಲ. ಹಿಡಿದಿಡುವ ಕೆಲಸಕ್ಕೆ ಹುಟ್ಟದ ವಸ್ತುವಿಗೆ ಆ ಕೆಲಸ ಒಪ್ಪಿಸಲಾಗಿತ್ತು, ಅಷ್ಟೆ.

ಮ್ಯಾನಿಫೋಲ್ಡ್ ಬಗ್ಗೆ ಈ ಸಭೆಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ಒಂದು ಲೆಕ್ಕವನ್ನು ಮಾತ್ರ ಒಪ್ಪಿಸಲೇಬೇಕು. ಎರಕದ ಕಬ್ಬಿಣವು ಪ್ರತಿ ಮೀಟರಿಗೆ, ಪ್ರತಿ 100 ಡಿಗ್ರಿ ಸೆಲ್ಸಿಯಸ್ ಏರಿಕೆಗೆ, ಸುಮಾರು 1 ಮಿಲಿಮೀಟರ್ ಹಿಗ್ಗುತ್ತದೆ. 80 ಸೆಂಟಿಮೀಟರ್ ಉದ್ದದ ಮ್ಯಾನಿಫೋಲ್ಡ್ 500 ಡಿಗ್ರಿ ಬಿಸಿಯೇರಿದರೆ 4 ಮಿಲಿಮೀಟರ್ ಬೆಳೆಯುತ್ತದೆ. ಅದನ್ನು ಹೊತ್ತಿರುವ ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಎಂಜಿನ್ನಿನ ಮುಚ್ಚಳ, ಕೂಡ ಕಬ್ಬಿಣದ್ದೇ ಆದರೂ ಒಳಗೆ ಹರಿಯುವ ನೀರು ಅದನ್ನು ತಂಪಾಗಿಡುವುದರಿಂದ ಅದು ಬೆಳೆಯುವುದು ಅರ್ಧ ಮಿಲಿಮೀಟರಿನ ಆಸುಪಾಸು ಮಾತ್ರ. ಉಳಿದ ಮೂರೂವರೆ ಮಿಲಿಮೀಟರಿನ ಜಗಳವನ್ನು ಎರಡು ತುದಿಗಳ ಬೋಲ್ಟುಗಳು ಹಂಚಿಕೊಳ್ಳಬೇಕು. ಮುರಿಯುವ ಬೋಲ್ಟು ಬಹುತೇಕ ತುದಿಯದೇ ಆಗಿರುವುದು ಈ ಕಾರಣಕ್ಕೆ. ದೊಡ್ಡ ಡೀಸೆಲ್ ಎಂಜಿನ್‌ಗಳ ಮ್ಯಾನಿಫೋಲ್ಡನ್ನು ಎರಡು ಮೂರು ತುಂಡುಗಳಾಗಿ ಮಾಡಿ, ಒಂದರೊಳಗೊಂದು ಜಾರುವಂತೆ ಜೋಡಿಸುವುದೂ ಇದೇ ಕಾರಣಕ್ಕೆ. ಕಬ್ಬಿಣ ಬೆಳೆಯುತ್ತದೆ, ಬೆಳೆಯಲು ಬಿಡದ ರಿಪೇರಿ ಎಷ್ಟೇ ಅಗ್ಗವಾದರೂ ದುಬಾರಿಯೇ.

ಸೋರಿಕೆಯನ್ನು ಹುಡುಕಲು ಖರ್ಚಿಲ್ಲ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಟಿಕ್ ಟಿಕ್ ಎಂಬ ಸದ್ದು ಬಂದು, ಎಂಜಿನ್ ಕಾದಂತೆ ಅಡಗಿದರೆ, ಹಿಗ್ಗಿದ ಕಬ್ಬಿಣವೇ ಸಂದನ್ನು ಮುಚ್ಚಿದೆ ಎಂದು ತಿಳಿಯಬಹುದು. ಇದನ್ನು ವಾಲ್ವುಗಳನ್ನು ಆಡಿಸುವ ಟ್ಯಾಪೆಟ್ಟಿನ ಸದ್ದೆಂದು ತಿಳಿದು ವಾಲ್ವ್ ಕವರ್ ಬಿಚ್ಚಿದವರು ಈ ಸಭೆಯಲ್ಲಿ ಇರಬಹುದು, ನಾನಂತೂ ಇದ್ದೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಂಜಿನ್ ಆರಿದ ಮೇಲೆ ಟಾರ್ಚ್ ಹಿಡಿದು ನೋಡಿದರೆ, ಮ್ಯಾನಿಫೋಲ್ಡಿಗೂ ಹೆಡ್ಡಿಗೂ ನಡುವೆ ಸಂದು ಮುಚ್ಚಲು ಇಡುವ ತೆಳು ಹಾಳೆಯಾದ ಗ್ಯಾಸ್ಕೆಟ್ಟಿನ ಅಂಚಿನಿಂದ ಹೆಡ್ಡಿನ ಮೇಲೆ ಬೀಸಣಿಗೆಯಂತೆ ಹರಡಿದ ಮಸಿ ಕಾಣುತ್ತದೆ. ಹಾಗೂ ಸಂಶಯವಿದ್ದರೆ, ತಣ್ಣಗಿರುವಾಗಲೇ ಸೈಲೆನ್ಸರಿನ ಬಾಯಿಂದ ಬ್ಲೋವರಿನಲ್ಲಿ ಗಾಳಿ ಊದಿ ಮ್ಯಾನಿಫೋಲ್ಡಿಗೆ ಸಾಬೂನು ನೀರು ಚಿಮುಕಿಸಬೇಕು. ಗುಳ್ಳೆ ಎದ್ದಲ್ಲಿ ಸೋರಿಕೆ. ಸದ್ದನ್ನು ಸಹಿಸಿಕೊಂಡು ಓಡಿಸುತ್ತೇನೆ ಎನ್ನುವವರು ನೆನಪಿಡಬೇಕಾದದ್ದು ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡನ್ನು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮತ್ತು ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಕ್ಯಾಬಿನ್ನಿನ ನೆಲದಲ್ಲಿ ತುಕ್ಕು ತಿಂದ ತೂತುಗಳಿದ್ದರೆ ರಿಪೇರಿಯನ್ನು ನಾಳೆಗೆ ತಳ್ಳಬಾರದು.

ಈಗ ನನ್ನ ಸ್ವಂತ ಕಥೆ. ಇದನ್ನು ಹಿಂದೆ ಕೇಳಿದವರು ಕ್ಷಮಿಸಬೇಕು. ಪ್ರತಿ ಸಲ ಹೇಳುವಾಗಲೂ ನಾನು ಇನ್ನಷ್ಟು ದಡ್ಡನಾಗಿ ಕಾಣುತ್ತೇನೆ. ನನ್ನ ಮೊದಲ ಲಾರಿಯಲ್ಲಿ ಕೊನೆಯ ಸಿಲಿಂಡರಿನ ಸ್ಟಡ್, ಅಂದರೆ ಹೆಡ್ಡಿಗೆ ತಿರುಗಿಸಿ ಕೂರಿಸುವ ತಲೆಯಿಲ್ಲದ ಬೋಲ್ಟು, ಹೆಡ್ಡಿನ ಸಮಕ್ಕೆ ತುಂಡಾಗಿತ್ತು. ನಾನು ಅದರ ನಡುವೆ ತೂತು ಕೊರೆದು, ಉಲ್ಟಾ ಮರೆಯ (ತಿರುಪಿನ ಸುತ್ತಿನ) ಎಕ್ಸ್‌ಟ್ರಾಕ್ಟರ್, ಅಂದರೆ ಮುರುಕನ್ನು ಕಚ್ಚಿ ಹೊರತೆಗೆಯುವ ಉಕ್ಕಿನ ಸಲಕರಣೆ, ಇಳಿಸಿ ತಿರುಗಿಸಿದೆ. ಅಲ್ಲಾಡಲಿಲ್ಲ. ಸ್ಪ್ಯಾನರಿಗೆ ಪೈಪು ಸೇರಿಸಿ ಮತ್ತೆ ತಿರುಗಿಸಿದಾಗ ಟಣ್ ಎಂದು ಸದ್ದಾಯಿತು. ಸ್ಟಡ್ ಬಂತೆಂದು ಹಿಗ್ಗಿದೆ. ಮುರಿದದ್ದು ಎಕ್ಸ್‌ಟ್ರಾಕ್ಟರ್. ಹದಗೊಳಿಸಿದ ಆ ಉಕ್ಕಿನ ಮುಂದೆ ಡ್ರಿಲ್ ಬಿಟ್ಟುಗಳು ಒಂದೊಂದಾಗಿ ಮೊಂಡಾದವು. ಎರಡು ದಿನ ಕಳೆದ ಮೇಲೆ, ನೋಡಲು ಬಂದ ಒಬ್ಬ ಹಿರಿಯ ವೆಲ್ಡರ್, ‘ತಿರುಗಿಸುವ ಮೊದಲು ಕಾಯಿಸಿದ್ದೀರಾ ಸ್ವಾಮಿ?’ ಎಂದು ಒಂದೇ ಪ್ರಶ್ನೆ ಕೇಳಿದರು. ನಾನು ಕಾಯಿಸಿರಲಿಲ್ಲ. ಮುರುಕಿನ ಮೇಲೆ ಒಂದು ವಾಶರ್ ಇಟ್ಟು ಬೆಸೆದು, ಅದರ ಮೇಲೊಂದು ನಟ್ ಇಟ್ಟು ಒಳಗಿನಿಂದ ತುಂಬಿಸಿ ಬೆಸೆದು, ಕೆಂಪು ಆರಿದೊಡನೆ ಮೇಣದ ಬತ್ತಿಯನ್ನು ಮರೆಗೆ ತಾಗಿಸಿದರು. ಮೇಣ ಕರಗಿ ಒಳಗಿಳಿಯಿತು. ಮೊದಲ ನಟ್ ಬೆಸುಗೆ ಬಿಟ್ಟು ಕಿತ್ತುಬಂತು, ಎರಡನೆಯದೂ ಕಿತ್ತುಬಂತು. ಮೂರನೆಯದನ್ನು ಅವರು ಸ್ವಲ್ಪ ಬಿಗಿಯುವ ಕಡೆಗೆ, ಸ್ವಲ್ಪ ಬಿಚ್ಚುವ ಕಡೆಗೆ, ಹಸುಗೂಸಿನ ತೊಟ್ಟಿಲು ತೂಗುವಂತೆ ಆಡಿಸುತ್ತಾ ಹೋದರು. ಕಿರ್ರೆಂದು ಶುರುವಾದ ಸ್ಟಡ್ ಕೊನೆಗೆ ಬೆರಳಲ್ಲೇ ತಿರುಗಿ ಹೊರಬಂತು. ಬೆಸುಗೆಯ ಬಿಸಿಯಿಂದ ಸ್ಟಡ್ ತೂತಿನೊಳಗೆ ಹಿಗ್ಗಲು ಹೋಗಿ ಅದುಮಿಕೊಂಡು, ಆರಿದಾಗ ಕುಗ್ಗಿ ತುಕ್ಕಿನ ಹಿಡಿತ ಬಿಟ್ಟಿತ್ತು. ಮತ್ತದೇ ಮಾತು: ಕಬ್ಬಿಣ ಬೆಳೆಯುತ್ತದೆ. ಬೋಲ್ಟು ಮುರಿದ ಶಕ್ತಿಯೇ ಬೋಲ್ಟನ್ನು ಬಿಡಿಸಿಕೊಟ್ಟಿತು.

ಬೆಸುಗೆ ಯಂತ್ರ ಕೈಗೆ ಸಿಗದವರಿಗೆ ಒಂದು ಅಡ್ಡದಾರಿಯಿದೆ, ಅದನ್ನು ನಾನು ಹೀಗಳೆಯುವುದಿಲ್ಲ. ಹೆಡ್ಡಿನ ಕೊನೆಯಲ್ಲಿ ಖಾಲಿ ಮರೆ ತೂತು ಇದ್ದರೆ, ಅದಕ್ಕೆ ದಪ್ಪ ಉಕ್ಕಿನ ಪಟ್ಟಿಯೊಂದನ್ನು ಬಿಗಿದು, ಅದರ ಇನ್ನೊಂದು ತುದಿಯ ತಿರುಪಿನಿಂದ ಮ್ಯಾನಿಫೋಲ್ಡಿನ ಕಿವಿಯನ್ನು, ಅಂದರೆ ಬೋಲ್ಟಿನ ತೂತಿರುವ ಚಾಚನ್ನು, ಒತ್ತಿಹಿಡಿಯಬಹುದು. ಮುರುಕು ಒಳಗೇ ಉಳಿಯುತ್ತದೆ. ತಿರುಪು ಒತ್ತುತ್ತದೆಯೇ ಹೊರತು ಕಟ್ಟಿಹಾಕುವುದಿಲ್ಲವಾದ್ದರಿಂದ ಕಬ್ಬಿಣ ಅದರಡಿ ಜಾರಬಲ್ಲದು. ಹಾಗಾಗಿ ಇದು ವರ್ಷಗಟ್ಟಲೆ ನಿಂತದ್ದನ್ನು ನೋಡಿದ್ದೇನೆ. ಕೆಂಪು ಸಿಲಿಕೋನ್ ಸೀಲಂಟಿನ ಬಗ್ಗೆ ಕೇಳಬೇಡಿ. ಅದರ ತಾಳಿಕೆ 300ರಿಂದ 350 ಡಿಗ್ರಿ, ನಮ್ಮ ಕಬ್ಬಿಣದ ಬಿಸಿ ನಿಮಗೆ ಗೊತ್ತೇ ಇದೆ.

ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. ಬಿರುಕಿನ ವಿಷಯಕ್ಕೆ ಅರ್ಧ ಗಂಟೆ ಇಟ್ಟುಕೊಂಡಿದ್ದೆ. ಅರ್ಧ ನಿಮಿಷದಲ್ಲಿ ಹೇಳುತ್ತೇನೆ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ತಡೆಯಬೇಕು, ಮ್ಯಾನಿಫೋಲ್ಡನ್ನು ಪೂರ್ತಿ ಕಾಯಿಸಿ ನಿಕಲ್ ಬೆಸುಗೆ ರಾಡಿನಿಂದ ಚಿಕ್ಕಚಿಕ್ಕದಾಗಿ ಬೆಸೆದು, ಒಣ ಮರಳಿನಲ್ಲಿ ಹೂತು ನಿಧಾನವಾಗಿ ಆರಲು ಬಿಡಬೇಕು. ಮೈ ಬಾಗಿದೆಯೇ ಎಂದು ನೇರ ಪಟ್ಟಿ ಮತ್ತು ಸಂದು ಅಳೆಯುವ ಫೀಲರ್ ಗೇಜಿನಿಂದ ನೋಡಿ, ಅಲ್ಪಸ್ವಲ್ಪ ಬಾಗಿದ್ದರೆ ಅರದಲ್ಲೇ ಸಮ ಮಾಡಬಹುದು. ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸುವಾಗ ತುದಿಯ ತೂತುಗಳನ್ನು ಉದ್ದುದ್ದಕ್ಕೆ ಒಂದಿಷ್ಟು ಅಗಲಿಸಿ, ನಡುವಿನಿಂದ ಹೊರಕ್ಕೆ ಬಿಗಿಯುತ್ತಾ ಬನ್ನಿ. ಹಿತ್ತಾಳೆಯ ನಟ್ ಸಿಕ್ಕರೆ ಅದನ್ನೇ ಹಾಕಿ, ಅದು ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ. ಎರಡು ಮೂರು ಸಲ ಕಾದು ಆರಿದ ಮೇಲೆ, ಪೂರ್ತಿ ತಣ್ಣಗಿರುವಾಗ, ಇನ್ನೊಮ್ಮೆ ಬಿಗಿಯಬೇಕು.

ಆ ಮೂರು ನಟ್ಟುಗಳ ಕಥೆಯ ಸ್ಟಡ್ ಈ ಕಾಗದದ ಪೊಟ್ಟಣದಲ್ಲಿದೆ, ಎಕ್ಸ್‌ಟ್ರಾಕ್ಟರಿನ ಮುರುಕು ಈಗಲೂ ಅದರ ಹೊಟ್ಟೆಯಲ್ಲಿಯೇ ಇದೆ. ಮೊದಲ ಸಾಲಿನಿಂದ ಕೈಯಿಂದ ಕೈಗೆ ದಾಟಿಸಿ ನೋಡಿ, ಹೋಗುವಾಗ ದಯವಿಟ್ಟು ಮೇಜಿನ ಮೇಲೆ ಹಿಂದಿರುಗಿಸಿ.